ತೆರೆದ ಪಂದ್ಯ, ಮುಚ್ಚಿದ ಬಾಗಿಲು

ಆಟದ ಮೈದಾನಕ್ಕೆ ರಾಜಕೀಯವನ್ನು ತರಬೇಡಿ ಎಂದು ಉಪದೇಶ ಮಾಡುವ ಮಹನೀಯರು ಎಲ್ಲ ಕಾಲದಲ್ಲೂ ಎಲ್ಲ ದೇಶಗಳಲ್ಲೂ ಇದ್ದಾರೆ. ಇವರು ಸಾಮಾನ್ಯವಾಗಿ ಮೈದಾನದ ಒಳಗೆ, ನೆರಳಿರುವ ಕಡೆ ಕುಳಿತಿರುತ್ತಾರೆ. ಹೊರಗೆ ಬಿಸಿಲಿನಲ್ಲಿ ನಿಂತವನು ಬಾಗಿಲು ತಟ್ಟಿದರೆ ಆಗ ಇವರಿಗೆ ಆಟದ ಪಾವಿತ್ರ್ಯ ನೆನಪಾಗುತ್ತದೆ. ಬಾಗಿಲಿಗೆ ಅಗುಳಿ ಹಾಕಿದವರು ಯಾರು, ಅದು ರಾಜಕೀಯವಲ್ಲವೇ ಎಂದು ಕೇಳಿದರೆ ಉತ್ತರವಿಲ್ಲ.

ಈ ಮಹನೀಯರಿಗಾಗಿ ನಾವು ಈ ವಾರ ಒಂದು ಗಾಲ್ಫ್ ಪಂದ್ಯದ ಚರಿತ್ರೆಯನ್ನು ಬರೆಯಲು ಹೊರಟಿದ್ದೇವೆ. ಗಿರಣಿಯ ಪಾಳಿ ಮುಗಿಸಿ ಬಂದವನಿಗೂ, ಸಂತೆಯಲ್ಲಿ ಅಂಗಡಿ ಹೂಡುವವನಿಗೂ ಗಾಲ್ಫಿನ ಗೊಡವೆ ಏಕೆ ಎಂದು ಓದುಗರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿರಲಿ. ಇದರಲ್ಲಿ ಕೂಲಿಯವನ ಕಥೆಯೂ ಇದೆ, ಅಂಗಡಿಯವನ ಕಥೆಯೂ ಇದೆ. ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ ನಡೆದ ನೇಟಾಲ್ ಓಪನ್ ಎಂಬ ಪಂದ್ಯ ಅದು.

ಆಟದ ಬಗ್ಗೆ ಎರಡೇ ಮಾತು. ಚಿಕ್ಕ ಗಟ್ಟಿ ಚೆಂಡೊಂದನ್ನು ಕೋಲಿನಿಂದ ಹೊಡೆದು, ದೂರದ ಹುಲ್ಲುಹಾಸಿನಲ್ಲಿರುವ ಕುಳಿಯೊಳಗೆ ಬೀಳಿಸಬೇಕು. ಇಂತಹ ಕುಳಿಗಳು ಹದಿನೆಂಟು. ದೊಡ್ಡ ಪಂದ್ಯಗಳಲ್ಲಿ ಈ ಹದಿನೆಂಟನ್ನೂ ನಾಲ್ಕು ಸುತ್ತು ಆಡುತ್ತಾರೆ. ಯಾರ ಏಟುಗಳ ಲೆಕ್ಕ ಕಡಿಮೆಯೋ ಅವನು ಗೆದ್ದಂತೆ. ಒಬ್ಬೊಬ್ಬನ ಕೋಲುಗಳೂ ಒಂದು ಹೊರೆಯಾಗುವುದರಿಂದ ಅದನ್ನು ಹೊತ್ತು ಹಿಂದೆ ನಡೆಯುವ ಒಬ್ಬ ಆಳು ಬೇಕು. ಅವನಿಗೆ ಕ್ಯಾಡಿ ಎಂದು ಹೆಸರು. ಇನ್ನು 'ಓಪನ್' ಎಂದರೆ ತೆರೆದದ್ದು. ಹಣಕ್ಕಾಗಿ ಆಡುವ ಪ್ರೊಫೆಷನಲ್ಲರೂ, ಹವ್ಯಾಸಕ್ಕಾಗಿ ಆಡುವ ದೊಡ್ಡವರೂ ಇಬ್ಬರೂ ಸೇರಬಹುದಾದ ಪಂದ್ಯ ಎಂದು ಅರ್ಥ. ಈ ಪದವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಡರ್ಬನ್ ಊರು ಬೆಳೆದದ್ದು ಸಕ್ಕರೆಯಿಂದ. ಸಕ್ಕರೆ ಬೆಳೆದದ್ದು ನಮ್ಮ ದೇಶದ ಕೂಲಿಗಳಿಂದ. 1860ರ ನವೆಂಬರ್ 16ರಂದು ಮದರಾಸಿನಿಂದ ಹೊರಟ 'ಟ್ರೂರೋ' ಎಂಬ ಹಡಗು ಅಲ್ಲಿಯ ಬಂದರಿನಲ್ಲಿ ಮೊದಲ ಕರಾರು ಕೂಲಿಗಳನ್ನು ಇಳಿಸಿತು. ಅಲ್ಲಿಂದ 1911ರವರೆಗೆ, ಇಂಡಿಯ ಸರ್ಕಾರ ಈ ನೇಮಕಾತಿಯನ್ನು ನಿಲ್ಲಿಸುವ ತನಕ, ಸುಮಾರು 1,52,000 ಜನ ಹೀಗೆ ಹೋದರು. ಐದು ವರ್ಷದ ಕರಾರು. ಮೊದಲ ವರ್ಷ ತಿಂಗಳಿಗೆ ಹತ್ತು ಷಿಲ್ಲಿಂಗ್ ಸಂಬಳ. ಕರಾರು ಮುಗಿದ ಮೇಲೆ ಸ್ವತಂತ್ರನಾಗಿ ನಿಲ್ಲುತ್ತೇನೆ ಎಂದವನಿಗೆ ವರ್ಷಕ್ಕೆ ಮೂರು ಪೌಂಡು ತಲೆಗಂದಾಯ ಎಂದು 1895ರಲ್ಲಿ ಕಾನೂನು ಮಾಡಿದರು. ಮೂರು ಪೌಂಡು ಎಂದರೆ ಅರವತ್ತು ಷಿಲ್ಲಿಂಗ್, ಅಂದರೆ ಮೊದಲ ವರ್ಷದ ಸಂಬಳದಲ್ಲಿ ಆರು ತಿಂಗಳ ದುಡಿಮೆ. ಆರು ತಿಂಗಳ ಬೆವರನ್ನು ಬರಿದೇ ಬದುಕಿರುವ ತಪ್ಪಿಗೆ ದಂಡ ಕಟ್ಟಬೇಕು! 1913ರಲ್ಲಿ ಗಾಂಧೀಜಿಯವರ ನೇತೃತ್ವದಲ್ಲಿ ಕಲ್ಲಿದ್ದಲು ಗಣಿಗಳ ಮತ್ತು ಕಬ್ಬಿನ ತೋಟಗಳ ಕೂಲಿಗಳು ಸಾವಿರಗಟ್ಟಲೆ ಕೆಲಸ ನಿಲ್ಲಿಸಿದ ಮೇಲೆಯೇ ಆ ಕಂದಾಯ 1914ರಲ್ಲಿ ರದ್ದಾದದ್ದು.

ಕೂಲಿಯ ಹಿಂದೆಯೇ ವ್ಯಾಪಾರಿಯೂ ಹೋಗಿದ್ದ. ಅವನ ಗತಿಯೇನೂ ಮೇಲಲ್ಲ. 1897ರಲ್ಲಿ ನೇಟಾಲ್ ಸರ್ಕಾರ ವ್ಯಾಪಾರದ ಪರವಾನಗಿಗೆ ಒಂದು ಶಾಸನ ತಂದಿತು. ಪರವಾನಗಿ ಕೊಡುವುದೂ ಬಿಡುವುದೂ ಪುರಸಭೆಯ ಅಧಿಕಾರಿಯ ಮರ್ಜಿ. ಇಲ್ಲವೆಂದರೆ ಮೇಲ್ಮನವಿ ಅದೇ ಪುರಸಭೆಯ ಮುಂದೆ. ಪುರಸಭೆಯಲ್ಲಿ ಕುಳಿತವರು ಯಾರು? ಎದುರು ಸಾಲಿನ ಬಿಳಿಯ ಅಂಗಡಿಕಾರರು ಮತ್ತು ಅವರ ನಂಟರಿಷ್ಟರು. ಶಾಸನದಲ್ಲಿ ಇಂಡಿಯದವನೆಂಬ ಶಬ್ದವೇ ಇರಲಿಲ್ಲವೆಂಬುದನ್ನೂ ಹೇಳಿಬಿಡಬೇಕು. ಕಾನೂನು ಅಷ್ಟು ಸಭ್ಯವಾಗಿತ್ತು. ಯಾರಿಗೆ ಅನ್ವಯಿಸಬೇಕೆಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. 1950ರ ವಲಯ ವಿಂಗಡಣೆಯ ಕಾನೂನು ಈ ಸಭ್ಯತೆಯನ್ನೂ ಬಿಟ್ಟುಬಿಟ್ಟಿತು. ಇಂತಹ ಬೀದಿ ಬಿಳಿಯರದು, ಇಂತಹದು ಕರಿಯರದು, ಇಂತಹದು ಇಂಡಿಯದವರದು ಎಂದು ನಕ್ಷೆಯ ಮೇಲೆ ಗೆರೆ ಎಳೆದು, ಗೆರೆಯ ತಪ್ಪು ಭಾಗದಲ್ಲಿದ್ದವನನ್ನು ಅಂಗಡಿ ಮನೆ ಸಹಿತ ಎಬ್ಬಿಸಿದರು. ಡರ್ಬನ್ನಿನ ಕೇಟೊ ಮ್ಯಾನರ್ ಎಂಬ ಬಡಾವಣೆಯಲ್ಲಿ ತಲೆಮಾರುಗಳಿಂದ ತರಕಾರಿ ಬೆಳೆದು, ಮನೆ ಕಟ್ಟಿ, ಗುಡಿ ಕಟ್ಟಿ ನೆಲೆಯಾಗಿದ್ದ ನಮ್ಮವರನ್ನು ಹೀಗೆಯೇ ಎತ್ತಂಗಡಿ ಮಾಡಿದ್ದು.

ಈಗ ಗಾಲ್ಫಿಗೆ ಬರೋಣ. ಡರ್ಬನ್ನಿನ ಬಿಳಿಯ ಧನಿಕರಿಗೆ ರಾಯಲ್ ಡರ್ಬನ್ ಎಂಬ ಹಳೆಯ ಗಾಲ್ಫ್ ಮೈದಾನವಿತ್ತು. ಅದು ಗ್ರೇವಿಲ್ ಕುದುರೆ ಪಂದ್ಯದ ಬಯಲಿನ ನಡುವಿನ ತಗ್ಗುನೆಲ. 1919ರಲ್ಲಿ ದಕ್ಷಿಣ ಆಫ್ರಿಕನ್ ಓಪನ್ ಪಂದ್ಯ ಅಲ್ಲಿ ನಡೆದಾಗ ಮಳೆ ಸುರಿದು ಮೈದಾನವೆಲ್ಲ ಕೆಸರಾಯಿತು. ಸಾಹೇಬರ ಬೂಟು ಒದ್ದೆಯಾಯಿತು. ನೀರು ನಿಲ್ಲದ ಬೇರೊಂದು ಜಾಗ ಬೇಕೆಂದು, ಸಮುದ್ರದಂಚಿನ ಮರಳ ದಿಬ್ಬಗಳ ಮೇಲೆ 1922ರಲ್ಲಿ ಡರ್ಬನ್ ಕಂಟ್ರಿ ಕ್ಲಬ್ಬನ್ನು ತೆರೆದರು. ಮಳೆಯಿಂದ ಪಾರಾಗಲೆಂದೇ ಹುಟ್ಟಿದ ಕ್ಲಬ್ಬು ಇದು ಎಂದರೆ ತಪ್ಪಾಗದು. ಇದನ್ನೂ ಓದುಗರು ನೆನಪಿಟ್ಟುಕೊಳ್ಳಲಿ.

ಅದೇ ಡರ್ಬನ್ನಿನಲ್ಲಿ 1920ರ ದಶಕದ ಕೊನೆಗೆ ಒಬ್ಬ ಬಡವನ ಮನೆಯಲ್ಲಿ ಒಬ್ಬ ಹುಡುಗ ಹುಟ್ಟಿದ. ಸರ್ಕಾರದ ದಫ್ತರಿನಲ್ಲಿ ಅವನ ಹೆಸರು ಸ್ಯೂಸಂಕರ್ ಸ್ಯೂಗೋಲಮ್. ಕರಾರು ಕೂಲಿಯ ದಫ್ತರು ಬರೆದ ಇಂಗ್ಲಿಷ್ ಗುಮಾಸ್ತರ ಕಿವಿಗೂ ಲೇಖನಿಗೂ ಸಿಕ್ಕಿ ನಮ್ಮವರ ಹೆಸರುಗಳು ಏನೇನಾದವು ಎಂಬುದಕ್ಕೆ ಇದೊಂದು ಸಾಕ್ಷಿ. ಶಿವಶಂಕರನೆಂಬ ಹೆಸರು ಅದರೊಳಗಿನಿಂದ ಇನ್ನೂ ಇಣುಕುತ್ತದೆ. ಊರಲ್ಲಿ ಎಲ್ಲರೂ ಕರೆದದ್ದು ಪಾಪ್ವಾ ಎಂದು. ಶಾಲೆಯ ಮುಖ ಕಂಡವನಲ್ಲ. ಓದು ಬರಹ ಕೊನೆಯವರೆಗೂ ಬರಲಿಲ್ಲ. ಹೊಟ್ಟೆಪಾಡಿಗಾಗಿ ಬೀಚ್‌ವುಡ್ ಎಂಬ ಗಾಲ್ಫ್ ಮೈದಾನದಲ್ಲಿ ಬಿಳಿಯರ ಚೀಲ ಹೊರುವ ಕ್ಯಾಡಿಯಾದ.

ಆಟ ಕಲಿತದ್ದು ನೋಡಿ ನೋಡಿ. ಮರದ ಕೊಂಬೆಯೊಂದನ್ನೇ ಕೋಲು ಮಾಡಿಕೊಂಡು ಹೊಡೆದು ಅಭ್ಯಾಸ ಮಾಡಿದ. ಹೀಗೆ ಹೇಳಿಕೊಡುವವರಿಲ್ಲದೆ ಕಲಿತದ್ದರಿಂದ ಅವನ ಹಿಡಿತವೇ ತಲೆಕೆಳಗಾಯಿತು. ಬಲಗೈಯ ಆಟಗಾರ ಎಡಗೈಯನ್ನು ಮೇಲಿಟ್ಟು ಬಲಗೈಯನ್ನು ಕೆಳಗಿಟ್ಟು ಕೋಲು ಹಿಡಿಯಬೇಕೆಂಬುದು ಶಾಸ್ತ್ರ. ಪಾಪ್ವಾ ಬಲಗೈಯನ್ನು ಮೇಲಿಟ್ಟು ಎಡಗೈಯನ್ನು ಕೆಳಗಿಟ್ಟ. ಈ ಹಿಡಿತದಲ್ಲಿ ಯಾವನೂ ದೊಡ್ಡ ಆಟಗಾರನಾಗಲಾರ ಎಂದು ಬಲ್ಲವರು ಹೇಳುತ್ತಿದ್ದರು. ಬಲ್ಲವರ ಮಾತೆಲ್ಲ ಹೀಗೆಯೇ. ನೇಯುವವನ ಮಗ ಲೆಕ್ಕ ಬರೆಯಲಾರ, ಹಮಾಲಿಯ ಮಗ ವಕೀಲನಾಗಲಾರ ಎಂದು ನಮ್ಮ ಊರಿನ ಬಲ್ಲವರೂ ಹೇಳುತ್ತಿರಲಿಲ್ಲವೇ?

ಪಾಪ್ವಾ ಚೀಲ ಹೊರುತ್ತಿದ್ದ ಬಿಳಿಯರಲ್ಲಿ ಗ್ರಹಾಂ ವುಲ್ಫ್ ಎಂಬ ರಸಾಯನಶಾಸ್ತ್ರಜ್ಞನಿದ್ದ. ಮುಖಕ್ಕೆ ಹಚ್ಚುವ 'ಆಯಿಲ್ ಆಫ್ ಓಲೇ' ಎಂಬ ಲೇಪನವನ್ನು ತಯಾರಿಸಿ ಹಣ ಮಾಡಿದವನು. ಈ ಹುಡುಗನ ಕೈಚಳಕವನ್ನು ಕಂಡು 1959ರಲ್ಲಿ ತನ್ನ ಸ್ವಂತ ಚಿಕ್ಕ ವಿಮಾನದಲ್ಲಿ ಅವನನ್ನು ಯೂರೋಪಿಗೆ ಕರೆದುಕೊಂಡು ಹೋದ. ಬಂಡವಾಳಗಾರನೊಬ್ಬನ ಸತ್ಕಾರ್ಯವನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಒಬ್ಬನ ಪ್ರತಿಭೆ ಬೆಳಕಿಗೆ ಬರಬೇಕಾದರೆ ಇನ್ನೊಬ್ಬನ ಸ್ವಂತ ವಿಮಾನ ಬೇಕಾಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ಬೀಚ್‌ವುಡ್ಡಿನಲ್ಲಿ ಚೀಲ ಹೊತ್ತ ಉಳಿದ ಹುಡುಗರೊಳಗೆ ಎಷ್ಟು ಪಾಪ್ವಾಗಳಿದ್ದರೋ ಲೆಕ್ಕವಿಟ್ಟವರಿಲ್ಲ. ಆ ವರ್ಷವೇ ಪಾಪ್ವಾ ಹಾಲೆಂಡಿನ ಡಚ್ ಓಪನ್ ಗೆದ್ದ. ಮರುವರ್ಷ, 1960ರಲ್ಲಿ, ಮತ್ತೆ ಗೆದ್ದ. 1964ರಲ್ಲಿ ಮೂರನೆಯ ಸಲ ಗೆದ್ದ. ಹಾಲೆಂಡಿನಲ್ಲಿ ಇವನ ಚರ್ಮವನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಏಟುಗಳನ್ನು ಎಣಿಸಿದರು, ಬಹುಮಾನ ಕೊಟ್ಟರು, ಅಷ್ಟೆ.

ತಾಯ್ನಾಡಿಗೆ ಬಂದರೆ? ಅಲ್ಲಿ ಇವನ ಪಾಲಿಗೆ ಇದ್ದದ್ದು ಬಿಳಿಯರಲ್ಲದವರ ಪ್ರತ್ಯೇಕ ಪಂದ್ಯಗಳು. ಮೈದಾನ ಹೀನ, ಬಹುಮಾನ ಅಲ್ಪ. ಬಿಳಿಯರ ಪಂದ್ಯಕ್ಕೆ ಸೇರಬೇಕಾದರೆ ಸರ್ಕಾರದ ಅನುಮತಿ ಪತ್ರ ಬೇಕು. ಕೊನೆಗೂ 1963ರಲ್ಲಿ ಡರ್ಬನ್ ಕಂಟ್ರಿ ಕ್ಲಬ್ಬಿನಲ್ಲಿ ನಡೆದ ನೇಟಾಲ್ ಓಪನ್ ಪಂದ್ಯಕ್ಕೆ ಅನುಮತಿ ಸಿಕ್ಕಿತು. ಅನುಮತಿ ಹುಲ್ಲಿನ ಮೇಲೆ ನಡೆಯುವುದಕ್ಕೆ ಮಾತ್ರ. ಕ್ಲಬ್ಬಿನ ಮನೆಯೊಳಗೆ ಕಾಲಿಡಕೂಡದು. ಉಳಿದ ಆಟಗಾರರು ಒಳಗೆ ಬಟ್ಟೆ ಬದಲಿಸಿ, ಒಳಗೆ ಊಟ ಮಾಡಿ, ಒಳಗೆ ಕುಳಿತು ಹರಟಿದರು. ಪಾಪ್ವಾ ಹೊರಗೆ.

ಇಲ್ಲೊಂದು ಸೂಕ್ಷ್ಮವಿದೆ. ಇಂಡಿಯದವನ ಚರ್ಮವೇ ಆ ಮನೆಗೆ ಮೈಲಿಗೆ ಎಂದಲ್ಲ. ತಟ್ಟೆ ಹಿಡಿದು ಬಡಿಸುವ ಆಳಾಗಿ, ನೆಲ ಒರೆಸುವ ಆಳಾಗಿ ಒಳಗೆ ಹೋಗುವುದಕ್ಕೆ ಆ ವರ್ಣಭೇದದ ಕಾನೂನೂ ಅಡ್ಡಿ ಮಾಡುತ್ತಿರಲಿಲ್ಲ. ಚೀಲ ಹೊತ್ತು ಹದಿನೆಂಟು ಕುಳಿಗಳನ್ನೂ ಸುತ್ತುವುದಕ್ಕೆ ಅಡ್ಡಿಯಿರಲಿಲ್ಲ. ಅಡ್ಡಿ ಇದ್ದದ್ದು ಸಮನಾಗಿ ಕುಳಿತುಕೊಳ್ಳುವುದಕ್ಕೆ. ನಮ್ಮ ಹಳ್ಳಿಗಳಲ್ಲಿ ಹೊಲೆಯನು ಬೆಳೆದ ಭತ್ತ ಅಡಿಗೆಮನೆಗೆ ಹೋಗುತ್ತದೆ, ಹೊಲೆಯನು ಜಗಲಿಗೂ ಬರಕೂಡದು ಎಂದು ನಡೆದುಕೊಂಡು ಬಂದ ಜನ ನಾವು. ಡರ್ಬನ್ನಿನ ಈ ಧರ್ಮಶಾಸ್ತ್ರ ಅರ್ಥವಾಗಲು ನಮಗೆ ಭಾಷ್ಯ ಬೇಕಾಗಿಲ್ಲ. ಡರ್ಬನ್ನಿನ ಬಿಳಿಯನನ್ನು ಬೈಯುವಾಗ ನಮ್ಮ ನಾಲಗೆ ಇಲ್ಲಿ ಸ್ವಲ್ಪ ತಡವರಿಸಬೇಕು. ತಡವರಿಸಿಯೇ ಮುಂದಕ್ಕೆ ಹೋಗುತ್ತೇವೆ.

ಪಾಪ್ವಾ ಆಡಿದ. ಬಿಳಿಯರ ಹೆಸರಾಂತ ಪ್ರೊಫೆಷನಲ್ಲರನ್ನೆಲ್ಲ ಹಿಂದಿಕ್ಕಿ ಪಂದ್ಯವನ್ನು ಗೆದ್ದುಬಿಟ್ಟ. ಈಗ ಕ್ಲಬ್ಬಿನವರಿಗೆ ಬಂದ ಸಂಕಟವನ್ನು ಓದುಗರು ಊಹಿಸಿಕೊಳ್ಳಬೇಕು. ಟ್ರೋಫಿ ಕೊಡಬೇಕು. ಕೊಡುವ ಜಾಗ ಕ್ಲಬ್ಬಿನ ಮನೆ. ಗೆದ್ದವನು ಕ್ಲಬ್ಬಿನ ಮನೆಗೆ ಬರಕೂಡದವನು. ಇದರ ಮೇಲೆ ಆಕಾಶದಿಂದ ಮಳೆ. ಸೋತವರು ಸೂರಿನಡಿ ಬೆಚ್ಚಗೆ. ಗೆದ್ದವನು ಹೊರಗೆ, ನೆನೆಯುತ್ತ. ಅಲ್ಲಿಯೇ, ಆ ಮಳೆಯಲ್ಲಿಯೇ, ಟ್ರೋಫಿಯನ್ನು ಅವನ ಕೈಗೆ ಕೊಟ್ಟರು. ಮಳೆಯಲ್ಲಿ ನಿಂತ ಆ ವಿಜಯಿಯ ಚಿತ್ರ ದೇಶದೇಶಗಳ ಪತ್ರಿಕೆಗಳಲ್ಲಿ ಅಚ್ಚಾಯಿತು. ಮಳೆಗೆ ಹೆದರಿ ಕಟ್ಟಿದ ಕ್ಲಬ್ಬು ಮಳೆಯಿಂದಲೇ ಲೋಕಪ್ರಸಿದ್ಧವಾಯಿತು.

ಒಂದು ಸಲ ಗೆದ್ದದ್ದು ಅದೃಷ್ಟವೆಂದು ಹೇಳಬಹುದಿತ್ತು. 1965ರಲ್ಲಿ ಅದೇ ಮೈದಾನದಲ್ಲಿ, ಅದೇ ನೇಟಾಲ್ ಓಪನ್ನಿನಲ್ಲಿ, ಪಾಪ್ವಾ ಎರಡನೆಯ ಸಲ ಗೆದ್ದ. ಈ ಸಲ ಸೋತವನು ಗ್ಯಾರಿ ಪ್ಲೇಯರ್. ಅಷ್ಟರಲ್ಲಾಗಲೇ 1959ರಲ್ಲಿ ಬ್ರಿಟಿಷ್ ಓಪನ್, 1961ರಲ್ಲಿ ಅಮೆರಿಕದ ಮಾಸ್ಟರ್ಸ್, 1962ರಲ್ಲಿ ಅಮೆರಿಕದ ಪಿ.ಜಿ.ಎ. ಪಂದ್ಯ ಗೆದ್ದು ಲೋಕದ ಮೊದಲ ಸಾಲಿನ ಆಟಗಾರನೆನಿಸಿಕೊಂಡವನು. ಅಂತಹವನನ್ನು ಅಕ್ಷರ ಬಾರದ, ತಲೆಕೆಳಗಾದ ಹಿಡಿತದ, ಹಳೆಯ ಚೀಲಹೊರುವ ಹುಡುಗ ಸೋಲಿಸಿದ.

ವರ್ಣಭೇದದ ಸರ್ಕಾರ ಇದನ್ನು ತಾಳಿಕೊಳ್ಳುವುದು ಹೇಗೆ? ಬಿಳಿಯನು ಹುಟ್ಟಿನಿಂದಲೇ ಶ್ರೇಷ್ಠನೆಂಬ ಒಂದೇ ಕಂಬದ ಮೇಲೆ ಆ ರಾಜ್ಯವೆಲ್ಲ ನಿಂತಿತ್ತು. ಹದಿನೆಂಟು ಕುಳಿಗಳ ಲೆಕ್ಕ ಆ ಕಂಬವನ್ನು ಅಲುಗಿಸುತ್ತಿತ್ತು. ಏಟಿನ ಲೆಕ್ಕವನ್ನು ತಿದ್ದಲಾಗುವುದಿಲ್ಲ, ಆಟಗಾರನನ್ನು ತೆಗೆದುಹಾಕಬಹುದು. ಹಾಗೆಯೇ ಮಾಡಿದರು. ಬಿಳಿಯರ ಪಂದ್ಯಗಳಿಗೆ ಅನುಮತಿ ನಿಂತಿತು. ಹೊರದೇಶಕ್ಕೆ ಹೋಗಿ ಆಡೋಣವೆಂದರೆ ಪಾಸ್‌ಪೋರ್ಟನ್ನೂ ಕಿತ್ತುಕೊಂಡರು. ಕೈಯಲ್ಲಿ ಕಸುಬಿನ ಬಲ ಇನ್ನೂ ತುಂಬಿರುವಾಗಲೇ ಕಸುಬುಗಾರನನ್ನು ಮೂಲೆಗೆ ಕೂಡಿಸಿದರು. ನೇಟಾಲ್ ಓಪನ್ ಮಾತ್ರ ನಿಲ್ಲಲಿಲ್ಲ.

ಇಲ್ಲಿಗೆ ಬಂದರೆ ನಮ್ಮ ಉಪದೇಶಕ ಮಹನೀಯರು ಹೇಳುತ್ತಾರೆ: ಪಾಪ, ಕ್ಲಬ್ಬಿನವರೇನು ಮಾಡಿಯಾರು? ಕಾನೂನಿತ್ತು. ಉಳಿದ ಆಟಗಾರರೇನು ಮಾಡಿಯಾರು? ಅವರು ಬಂದದ್ದು ಆಡುವುದಕ್ಕೆ.

ಈ ಎರಡನೆಯ ಮಾತನ್ನೇ ನಾವು ಹಿಡಿದುಕೊಳ್ಳುತ್ತೇವೆ. ನಮ್ಮ ಮುಖ್ಯ ದೂರು ಇರುವುದು ಸರ್ಕಾರದ ಮೇಲಲ್ಲ. ಆ ಸರ್ಕಾರ ಏನೆಂದು ಎಲ್ಲರಿಗೂ ಗೊತ್ತಿತ್ತು. ಕ್ಲಬ್ಬಿನ ಧನಿಕರ ಮೇಲೂ ಅಲ್ಲ. ಬಾಗಿಲು ಹಾಕುವುದು ಅವರ ಜಾಯಮಾನ. ದೂರು ಇರುವುದು ಒಳಗೆ ಕುಳಿತಿದ್ದ ಬಿಳಿಯ ಪ್ರೊಫೆಷನಲ್ಲರ ಮೇಲೆ. ಏಕೆಂದರೆ ಅವರ ಚರಿತ್ರೆಯೇ ಬೇರೆ.

ಗಾಲ್ಫಿನಲ್ಲಿ ಪ್ರೊಫೆಷನಲ್ ಎಂದರೆ ಮೊದಲಿಗೆ ಗೌರವದ ಮಾತಲ್ಲ. ಕೋಲು ಕೆತ್ತುವವನು, ಹುಲ್ಲು ನೋಡಿಕೊಳ್ಳುವವನು, ಯಜಮಾನರಿಗೆ ಪಾಠ ಹೇಳಿ ಕಾಸು ಪಡೆಯುವವನು. ಬಹುಮಂದಿ ಚೀಲ ಹೊತ್ತೇ ಮೇಲೆ ಬಂದವರು. ಹವ್ಯಾಸಕ್ಕೆ ಆಡುವವನು ದೊಡ್ಡಮನುಷ್ಯ. ಕೂಲಿಗೆ ಆಡುವವನು ಆಳು. ಆದ್ದರಿಂದ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಕ್ಲಬ್ಬಿನ ಮನೆಯ ಬಾಗಿಲು ಈ ಬಿಳಿಯ ಆಳಿಗೂ ಮುಚ್ಚಿತ್ತು. ಪಂದ್ಯ ಗೆದ್ದರೂ ಊಟ ಹೊರಗೆ, ಬಟ್ಟೆ ಬದಲಿಸುವುದು ಹೊರಗೆ. 1920ರಲ್ಲಿ ಬ್ರಿಟಿಷ್ ಓಪನ್ ಡೀಲ್ ಎಂಬ ಊರಿನಲ್ಲಿ ನಡೆದಾಗ ವಾಲ್ಟರ್ ಹೇಗನ್ ಎಂಬ ಅಮೆರಿಕದ ಪ್ರೊಫೆಷನಲ್ಲನಿಗೆ ಕ್ಲಬ್ಬಿನ ಒಳಕ್ಕೆ ಬರಬೇಡವೆಂದರು. ಅವನು ಜಬರ್ದಸ್ತಿನ ಆಸಾಮಿ. ಭಾರಿ ಬಾಡಿಗೆ ಮೋಟಾರೊಂದನ್ನು ತರಿಸಿ ಕ್ಲಬ್ಬಿನ ಬಾಗಿಲೆದುರಿಗೇ ನಿಲ್ಲಿಸಿ, ಅದರೊಳಗೇ ಬಟ್ಟೆ ಬದಲಿಸಿದ. ಅದೇ ವರ್ಷ ಅಮೆರಿಕದ ಟೊಲೀಡೊ ನಗರದ ಇನ್‌ವರ್ನೆಸ್ ಕ್ಲಬ್ಬು, ಅಲ್ಲಿಯ ಓಪನ್ ಪಂದ್ಯದ ಕಾಲದಲ್ಲಿ, ಮೊದಲ ಬಾರಿಗೆ ಪ್ರೊಫೆಷನಲ್ಲರಿಗೆ ಬಾಗಿಲು ತೆರೆಯಿತು. ಕೃತಜ್ಞತೆಯಿಂದ ಆಟಗಾರರೆಲ್ಲ ಹಣ ಕೂಡಿಸಿ ಆ ಕ್ಲಬ್ಬಿಗೆ ಒಂದು ದೊಡ್ಡ ಗಡಿಯಾರವನ್ನು ಕಾಣಿಕೆ ಕೊಟ್ಟರು. ಒಳಗೆ ಕಾಲಿಡಗೊಟ್ಟದ್ದಕ್ಕೆ ಗಡಿಯಾರ! ಆಳಿನ ಮನಸ್ಸು ಎಷ್ಟು ಬೇಗ ಕರಗುತ್ತದೆಯೆಂದು ನೋಡಿ.

ಹೀಗೆ ಒಳಗೆ ಸೇರಿಕೊಂಡವರು ಮಾಡಿದ್ದೇನು? ತಮ್ಮ ಹಿಂದೆ ಬಾಗಿಲು ಹಾಕಿದರು. ಅಮೆರಿಕದ ಪ್ರೊಫೆಷನಲ್ಲರ ಸಂಘ ತನ್ನ ನಿಯಮಾವಳಿಯಲ್ಲೇ ಸದಸ್ಯತ್ವ ಬಿಳಿಯ ಜನಾಂಗದವರಿಗೆ ಮಾತ್ರ ಎಂದು ಬರೆದಿಟ್ಟುಕೊಂಡಿತ್ತು. ಧನಿಕರ ಕ್ಲಬ್ಬಲ್ಲ, ಕಸುಬುಗಾರರ ಸಂಘ! ಲಾಸ್ ಏಂಜಲೀಸಿನ ರೈಲ್ವೆ ನಿಲ್ದಾಣದಲ್ಲಿ ಸಾಮಾನು ಹೊರುತ್ತಿದ್ದ ಬಿಲ್ ಸ್ಪಿಲ್ಲರ್ ಎಂಬ ಕರಿಯ ಆಟಗಾರ 1948ರಲ್ಲಿ ತನ್ನನ್ನು ಒಂದು ಪಂದ್ಯದಿಂದ ಹೊರಗಿಟ್ಟಾಗ ನ್ಯಾಯಾಲಯದ ಮೆಟ್ಟಿಲು ಹತ್ತಿದ. ವರ್ಷಗಟ್ಟಲೆ ಕಾದಾಡಿದ. ಕೊನೆಗೆ ಕ್ಯಾಲಿಫೋರ್ನಿಯ ಸರ್ಕಾರದ ಅಟಾರ್ನಿ ಜನರಲ್ ಸ್ಟ್ಯಾನ್ಲಿ ಮಾಸ್ಕ್ ಕಾನೂನಿನ ಬೆದರಿಕೆ ಹಾಕಿದ ಮೇಲೆ, 1961ರ ನವೆಂಬರಿನಲ್ಲಿ, ಆ ಸಾಲನ್ನು ಹೊಡೆದುಹಾಕಿದರು. ಸ್ಪಿಲ್ಲರನ ಆಟದ ವಯಸ್ಸು ಅಷ್ಟರಲ್ಲಿ ಕಳೆದುಹೋಗಿತ್ತು.

ದಕ್ಷಿಣ ಆಫ್ರಿಕದ ಬಿಳಿಯ ಕಾರ್ಮಿಕನು ಈ ಪಾಠವನ್ನು ಇನ್ನೂ ಮೊದಲೇ ಕಲಿತಿದ್ದ. 1922ರಲ್ಲಿ, ಡರ್ಬನ್ ಕಂಟ್ರಿ ಕ್ಲಬ್ ಹುಟ್ಟಿದ ಅದೇ ವರ್ಷ, ಜೋಹಾನ್ಸ್‌ಬರ್ಗಿನ ಸುತ್ತಲಿನ ಚಿನ್ನದ ಗಣಿಗಳಲ್ಲಿ ಬಿಳಿಯ ಕಾರ್ಮಿಕರು ಗಣಿಯ ಧನಿಕರ ವಿರುದ್ಧ ಬಂದೂಕು ಹಿಡಿದು ಎದ್ದರು. ಸರ್ಕಾರ ಫಿರಂಗಿ ತಂದಿತು, ವಿಮಾನದಿಂದ ಬಾಂಬು ಹಾಕಿತು. ಇಂತಹ ಧೀರ ಕಾರ್ಮಿಕರ ಬಾವುಟದ ಮೇಲೆ ಏನೆಂದು ಬರೆದಿತ್ತು? ಲೋಕದ ಕಾರ್ಮಿಕರೇ ಒಂದಾಗಿ, ಬಿಳಿಯ ದಕ್ಷಿಣ ಆಫ್ರಿಕಕ್ಕಾಗಿ ಹೋರಾಡಿ ಎಂದು! ಧನಿಕರು ಅಗ್ಗದ ಕೂಲಿಯ ಕರಿಯರನ್ನು ತಮ್ಮ ಜಾಗಕ್ಕೆ ತರುತ್ತಾರೆಂದು ಸಿಟ್ಟು. ಸಿಟ್ಟು ನಿಜವಾದದ್ದೇ. ಆದರೆ ಕರಿಯನಿಗೂ ಸಮಾನ ಕೂಲಿ ಕೊಡಿಸಿ ಎಂದು ಕೇಳುವ ಬದಲು ಕರಿಯನನ್ನು ಕೆಳಗೇ ಇಡಿ ಎಂದು ಕೇಳಿದರು. ಧನಿಕರಿಗೆ ಇದಕ್ಕಿಂತ ಬೇಕಾದದ್ದೇನು? ಮುಂದಿನ ವರ್ಷಗಳಲ್ಲಿ ಬಿಳಿಯ ಕಾರ್ಮಿಕನಿಗೆ ವರ್ಣದ ರಕ್ಷಣೆ ಸಿಕ್ಕಿತು, ಗಣಿಯೊಡೆಯನಿಗೆ ಕರಿಯನ ಅಗ್ಗದ ದುಡಿಮೆ ಸಿಕ್ಕಿತು. ಇಬ್ಬರಿಗೂ ಸಂಧಾನ. ಗಿರಣಿಯಲ್ಲಿ ಕಾಯಂ ಕೆಲಸಗಾರನಿಗೆ ಬದಲಿ ಕೆಲಸಗಾರನ ಮೇಲೆ ಮುನಿಸು ಹುಟ್ಟಿಸಿ ಮೇಲೆ ಕುಳಿತು ನಗುವವರನ್ನು ಕಂಡ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1963ರ ಆ ಮಳೆಯ ದಿನ ಡರ್ಬನ್ನಿನ ಕ್ಲಬ್ಬಿನಲ್ಲಿದ್ದ ಬಿಳಿಯ ಪ್ರೊಫೆಷನಲ್ಲರು ಈ ಸಂಧಾನದ ಮಕ್ಕಳು. ನಲವತ್ತು ಐವತ್ತು ವರ್ಷಗಳ ಹಿಂದೆ ಇದೇ ಬಗೆಯ ಬಾಗಿಲಲ್ಲಿ ತಮ್ಮ ಕಸುಬಿನ ಹಿರಿಯರು ನಿಂತಿದ್ದರು. ಈಗ ನಿಂತಿರುವವನೂ ತಮ್ಮ ಕಸುಬಿನವನೇ, ತಮ್ಮಂತೆ ಏಟಿನ ಲೆಕ್ಕದ ಮೇಲೆ ಅನ್ನ ತಿನ್ನುವವನೇ. ಮುಂದೆ ಅವನಿಗೆ ಅನುಮತಿ ತಪ್ಪಿದಾಗ, ಅವನಿಲ್ಲದೆ ನಾವೂ ಆಡುವುದಿಲ್ಲ ಎಂದು ಕಸುಬಿನವರೆಲ್ಲ ಕೂಡಿ ಕೋಲು ಕೆಳಗಿಟ್ಟಿದ್ದರೆ ಒಂದು ಓಪನ್ ಪಂದ್ಯ ಎಷ್ಟು ದಿನ ನಡೆಯುತ್ತಿತ್ತು? ಆಟಗಾರರಿಲ್ಲದ ಹುಲ್ಲನ್ನು ನೋಡಲು ಟಿಕೆಟ್ಟು ಕೊಳ್ಳುವವರಾರು? ಮುಷ್ಕರವೆಂಬ ಈ ಸರಳ ಮಾತು ಆ ಕಸುಬಿಗೆ ಹೊಳೆಯಲಿಲ್ಲ.

ಗ್ಯಾರಿ ಪ್ಲೇಯರನ ಮಾತನ್ನೂ ಆಡಿಬಿಡಬೇಕು. ಗಣಿಯ ಕಾರ್ಮಿಕನ ಮಗ ಅವನು. 1966ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ, ತಾನು ಫರ್ವುರ್ಡನ ಮತ್ತು ವರ್ಣಭೇದದ ದಕ್ಷಿಣ ಆಫ್ರಿಕಕ್ಕೆ ಸೇರಿದವನೆಂದು ಎದೆತಟ್ಟಿ ಬರೆದುಕೊಂಡ. ಅದರ ಫಲ 1969ರಲ್ಲಿ ಅಮೆರಿಕದ ಡೇಟನ್ ನಗರದ ಪಂದ್ಯದಲ್ಲಿ ಸಿಕ್ಕಿತು. ಪ್ರತಿಭಟನೆಗೆ ಬಂದವರು ಅವನ ಮುಖಕ್ಕೆ ಮಂಜುಗಡ್ಡೆ ಎರಚಿದರು. ಆಮೇಲೆ ಮನುಷ್ಯ ಮೆತ್ತಗಾದ. 1971ರಲ್ಲಿ ಲೀ ಎಲ್ಡರ್ ಎಂಬ ಅಮೆರಿಕದ ಕರಿಯ ಆಟಗಾರನನ್ನು ದಕ್ಷಿಣ ಆಫ್ರಿಕಕ್ಕೆ ಕರೆಸಿ ಜೊತೆಗೆ ಆಡಿದ. ಮುಂದೆ ವರ್ಣಭೇದವನ್ನು ಖಂಡಿಸಿಯೂ ಮಾತನಾಡಿದ. ಬದಲಾದವನನ್ನು ಬದಲಾದನೆಂದೇ ಹೇಳಬೇಕು. ಆದರೆ ಎಲ್ಡರ್ ಅತಿಥಿಯಾಗಿ ಬಂದು ಆಡುತ್ತಿದ್ದ ಆ ದಿನಗಳಲ್ಲಿ, ಅದೇ ಪ್ಲೇಯರನನ್ನು ಸೋಲಿಸಿದ್ದ ಪಾಪ್ವಾನ ಒಳ್ಳೆಯ ವರ್ಷಗಳು ಡರ್ಬನ್ನಿನಲ್ಲಿ ಸವೆದುಹೋಗಿದ್ದವು. ಹೊರಗಿನ ಕರಿಯನಿಗೆ ರತ್ನಗಂಬಳಿ, ಮನೆಯ ಇಂಡಿಯದವನಿಗೆ ಬೀಗ.

ಉಳಿದ ಆಟಗಳ ಲೋಕ ಇಷ್ಟು ನಿರ್ಲಜ್ಜವಾಗಿರಲಿಲ್ಲ. 1964ರ ಟೋಕಿಯೊ ಒಲಿಂಪಿಕ್ಸಿಗೆ ದಕ್ಷಿಣ ಆಫ್ರಿಕವನ್ನು ಸೇರಿಸಲಿಲ್ಲ. 1970ರಲ್ಲಿ ಒಲಿಂಪಿಕ್ ಸಮಿತಿಯಿಂದಲೇ ಹೊರಹಾಕಿದರು. ನಮ್ಮ ದೇಶ 1946ರಲ್ಲಿ, ಸ್ವಾತಂತ್ರ್ಯ ಬರುವ ಮೊದಲೇ, ಆ ದೇಶದೊಡನೆ ವ್ಯಾಪಾರವನ್ನು ಕಡಿದುಕೊಂಡಿತ್ತು. 1974ರಲ್ಲಿ ಟೆನಿಸ್ಸಿನ ಡೇವಿಸ್ ಕಪ್ಪಿನ ಕಡೆಯ ಪಂದ್ಯಕ್ಕೆ ನಮ್ಮ ತಂಡ ಬಂದು ನಿಂತಾಗ ಎದುರಾಳಿ ದಕ್ಷಿಣ ಆಫ್ರಿಕ. ಅಮೃತರಾಜ್ ಸೋದರರು ಇದ್ದ ಆ ತಂಡಕ್ಕೆ ಗೆಲ್ಲುವ ಅವಕಾಶವಿತ್ತು. ನಾವು ಆಡುವುದಿಲ್ಲ ಎಂದು ಹೇಳಿದೆವು. ಟ್ರೋಫಿ ಆಡದೆಯೇ ಅವರ ಪಾಲಾಯಿತು. ನಮ್ಮ ದೇಶದ ಕ್ರೀಡೆಯ ಚರಿತ್ರೆಯಲ್ಲಿ ಅದೊಂದು ದೊಡ್ಡ ದಿನವೆಂದು ನಾವು ಎಣಿಸುತ್ತೇವೆ. ಸೋತು ಗೆದ್ದೆವು ಎಂಬ ಸಮಾಧಾನದ ಮಾತಲ್ಲ ಇದು. ಆಟಗಾರನು ಬೆಲೆ ತೆರಬಲ್ಲ ಎಂಬುದಕ್ಕೆ ಪುರಾವೆ.

ಗಾಲ್ಫಿನವರು ಬೆಲೆ ತೆರಲಿಲ್ಲ, ಬೆಲೆ ಎಣಿಸಿಕೊಂಡರು. 1981ರ ಕೊನೆಯಲ್ಲಿ ಸನ್ ಸಿಟಿ ಎಂಬ ವಿಲಾಸನಗರದಲ್ಲಿ ಹತ್ತು ಲಕ್ಷ ಡಾಲರಿನ ಪಂದ್ಯವೊಂದನ್ನು ಹೂಡಿದರು. ವರ್ಣಭೇದದ ಸರ್ಕಾರ ಕರಿಯರನ್ನು ದೂಡುವುದಕ್ಕಾಗಿ ಕತ್ತರಿಸಿಟ್ಟ ಬೋಫುತಾತ್ಸ್ವಾನ ಎಂಬ ಹುಸಿ ರಾಜ್ಯದಲ್ಲಿ ಇತ್ತು ಆ ನಗರ. ಹೋಗಬೇಡಿ ಎಂಬ ಕೂಗು ಲೋಕದಲ್ಲೆಲ್ಲ ಎದ್ದಿತ್ತು. ಜ್ಯಾಕ್ ನಿಕ್ಲಾಸ್, ಲೀ ಟ್ರೆವಿನೊ, ಸೆವೆ ಬಾಲೆಸ್ಟೆರೋಸ್, ಜಾನಿ ಮಿಲ್ಲರ್, ಗ್ಯಾರಿ ಪ್ಲೇಯರ್ ಹೋಗಿ ಆಡಿದರು. ಮಿಲ್ಲರ್ ಗೆದ್ದು ಐದು ಲಕ್ಷ ಡಾಲರು ಎತ್ತಿಕೊಂಡ. ಗಾಲ್ಫಿನಲ್ಲಿ ದೇಶದ ತಂಡವಿಲ್ಲ, ಒಬ್ಬೊಬ್ಬನೂ ತಾನೇ ಒಂದು ಅಂಗಡಿ; ಆದ್ದರಿಂದ ಯಾರ ಬಹಿಷ್ಕಾರವೂ ತಮಗೆ ಅಂಟದು ಎಂಬುದು ಆ ಕಸುಬಿನವರ ವಾದ. ಟ್ರೆವಿನೊ ಎಂಬುವನು ಸ್ವತಃ ಬಡತನದಿಂದ, ಚೀಲ ಹೊತ್ತು ಬಂದವನೆಂಬುದು ಮನಸ್ಸನ್ನು ಕುಟುಕುತ್ತದೆ.

ಚೀಲ ಹೊತ್ತವನು ಆಟ ಕಲಿಯುವುದು ಎಲ್ಲ ದೇಶಗಳ ಕಥೆ. ನಮ್ಮ ಬೆಂಗಳೂರಿನಲ್ಲಿ 1876ರಲ್ಲೇ ಬಿಳಿಯರು ಗಾಲ್ಫ್ ಕ್ಲಬ್ಬು ಕಟ್ಟಿಕೊಂಡರು. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿಯೇ ಆಟಕ್ಕೆ ಬಂದವರು. ಅವರು ಟ್ರೋಫಿಗಾಗಿ ಹೊರಗೆ ನಿಲ್ಲಬೇಕಾಗಲಿಲ್ಲ. ಒಳಗೆ ಸದಸ್ಯರಾಗಿ ಕೂರುವವರಲ್ಲಿ ಎಷ್ಟು ಮಂದಿ ಕ್ಯಾಡಿಯ ಮಕ್ಕಳಿದ್ದಾರೆ ಎಂಬುದನ್ನು ಬೆಂಗಳೂರಿನ ಓದುಗರು ವಿಚಾರಿಸಿ ನಮಗೆ ತಿಳಿಸಿದರೆ ಅಚ್ಚು ಮಾಡುತ್ತೇವೆ.

ಪಾಪ್ವಾ 1978ರಲ್ಲಿ, ಐವತ್ತು ತುಂಬುವ ಮೊದಲೇ, ಡರ್ಬನ್ನಿನಲ್ಲಿ ಹೃದಯಾಘಾತದಿಂದ ಸತ್ತ. ಗೆದ್ದ ಪಂದ್ಯಗಳ ಲೆಕ್ಕಕ್ಕೆ ತಕ್ಕ ಹಣ ಅವನ ಕೈ ಸೇರಿರಲಿಲ್ಲ. 1994ರ ಚುನಾವಣೆಯಿಂದ ವರ್ಣಭೇದದ ಆಳ್ವಿಕೆ ಮುಗಿದ ಮೇಲೆ ಹೊಸ ಸರ್ಕಾರ ಅವನಿಗೆ ಮರಣೋತ್ತರವಾಗಿ ಪದಕ ಕೊಟ್ಟಿತು. ಡರ್ಬನ್ನಿನ ರಿಸರ್ವಾಯರ್ ಹಿಲ್ಸ್ ಬಡಾವಣೆಯ ಪುರಸಭೆಯ ಗಾಲ್ಫ್ ಮೈದಾನಕ್ಕೆ ಅವನ ಹೆಸರನ್ನಿಟ್ಟರು. ಆ ತಲೆಕೆಳಗಾದ ಹಿಡಿತಕ್ಕೂ ಗಾಲ್ಫ್ ಬಲ್ಲವರು ಅವನ ಹೆಸರನ್ನೇ ಹೇಳುತ್ತಾರೆ. ಯಾವನೂ ಈ ಹಿಡಿತದಿಂದ ದೊಡ್ಡ ಆಟಗಾರನಾಗಲಾರ ಎಂದಿದ್ದವರ ಹೆಸರು ಯಾರಿಗೂ ನೆನಪಿಲ್ಲ.

ಆ ಮಳೆಯ ದಿನದ ಬಗ್ಗೆ ಕೊನೆಯದಾಗಿ ಒಂದು ಮಾತು ಉಳಿಯಿತು. ಅಷ್ಟು ಅಪಮಾನವಾದ ಮೇಲೆ ಪಾಪ್ವಾ ಟ್ರೋಫಿಯನ್ನು ಎಸೆದು ಬರಬೇಕಾಗಿತ್ತು ಎಂದು ಹೇಳುವ ಶೂರರು ಆಗಲೂ ಇದ್ದರು, ಈಗಲೂ ಇದ್ದಾರೆ. ನಾವು ಹಾಗೆ ಹೇಳಲಾರೆವು. ಎರಡು ವರ್ಷ ಕಳೆದು ಅವನು ಅದೇ ಬಾಗಿಲಿನ ಮುಂದೆ ಮತ್ತೆ ಬಂದು, ಅದೇ ಹುಲ್ಲಿನ ಮೇಲೆ ಮತ್ತೆ ಗೆದ್ದ. ಟ್ರೋಫಿಯನ್ನು ಹೊರಗೆ ಕೊಡುವ ಗತಿ ಬಂದದ್ದು ಒಳಗಿನವರಿಗೆ.